ಶಿಕ್ಷಕರ ಕೈಗೆ ಅಂತರ್ಜಾಲ ಗ್ರಂಥಾಲಯದ ಕೀಲಿಕೈ

(ಸಂಸ್ಥೆಯ ಶಾಲೆಗಳ ಶಿಕ್ಷಕರಿಗಾಗಿ ನಡೆದ ಒಂದು ದಿನದ ಕಾರ್ಯಾಗಾರದಲ್ಲಿ ಗ್ರಂಥಪಾಲಕರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಈ ಕಾರ್ಯಾಗಾರಕ್ಕೆ ನನ್ನನ್ನು ಕರೆಯುವಾಗ ನಿಮ್ಮ ಕಾರ್ಯದರ್ಶಿಗಳು ಒಂದು ಪ್ರಶ್ನೆಯನ್ನೂ ಕೇಳಿದ್ದರು. "ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದಲ್ಲ, ಇದಕ್ಕೂ ತರಬೇತಿ ಬೇಕೇ? ಹಾಗೆ ನೋಡಿದರೆ ಶಾಲೆಗೊಂದು ಗ್ರಂಥಾಲಯ, ಅದಕ್ಕೊಬ್ಬ ಗ್ರಂಥಪಾಲಕ ಏಕೆ ಬೇಕು?" ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ದಾನಿಗಳಿಂದ ಹಣ ಕೂಡಿಸಿ ಶಾಲೆ ನಡೆಸುವವರು ಪ್ರತಿ ರೂಪಾಯಿಗೂ ಇಂತಹ ಪ್ರಶ್ನೆ ಕೇಳಲೇಬೇಕು. ಆದರೆ ಕೆಲವು ಕಡೆ ಪ್ರಶ್ನೆ ಕೇಳಿದವರು ಉತ್ತರಕ್ಕೆ ಕಾಯಲಿಲ್ಲ. ಗ್ರಂಥಾಲಯದ ಕೋಣೆಗೆ ನಾಲ್ಕು ಕಂಪ್ಯೂಟರ್ ತಂದಿಟ್ಟು, ಪುಸ್ತಕಗಳನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿ, ಗ್ರಂಥಪಾಲಕರ ಹುದ್ದೆಯನ್ನು ಖಾಲಿ ಬಿಟ್ಟರು. ಆಮೇಲೆ ಆ ಕಂಪ್ಯೂಟರ್‌ಗಳಿಗೂ ಬಟ್ಟೆ ಹೊದಿಸಿದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಇವತ್ತಿನ ನನ್ನ ಮಾತನ್ನೆಲ್ಲ ಆ ಒಂದು ಪ್ರಶ್ನೆಗೆ ಉತ್ತರವೆಂದೇ ತಾವು ತಿಳಿಯಬೇಕು.

ಒಬ್ಬ ಗಣಿತದ ಮೇಷ್ಟ್ರಿಂದ ಆರಂಭಿಸೋಣ

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಂದು ನಾವು ಗೌರವಿಸುವ ಎಸ್. ಆರ್. ರಂಗನಾಥನ್ ಅವರು ಮೂಲತಃ ಗ್ರಂಥಪಾಲಕರಲ್ಲ, ಗಣಿತದ ಅಧ್ಯಾಪಕರು. ಅವರು ಪಾಠ ಹೇಳಲು ಆರಂಭಿಸಿದ್ದು ನಮ್ಮ ಮಂಗಳೂರಿನಲ್ಲಿ, 1917ರಲ್ಲಿ, ಅಂದಿನ ಸರಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು.

1931ರಲ್ಲಿ ಅವರು ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗಾಗಿ. ಪ್ರತಿ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗನ ಸಮಯ ಉಳಿಯಬೇಕು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ. ಕೇಳಲು ಬಹಳ ಸರಳ. ಆದರೆ ಅಂತರ್ಜಾಲ ಬಂದ ಮೇಲೆ ಈ ಐದರಲ್ಲಿ ಯಾವುದು ತಾನಾಗಿ ಈಡೇರಿದೆ ಎಂದು ಸ್ವಲ್ಪ ಯೋಚಿಸಿ. ಐದನೆಯದು ಮಾತ್ರ. ಗ್ರಂಥಾಲಯ ಬೆಳೆದಿದೆ, ಕಣ್ಣು ಹಾಯಿಸಲಾರದಷ್ಟು ಬೆಳೆದಿದೆ. ಉಳಿದ ನಾಲ್ಕು ತಾವಾಗಿ ಆಗುವುದಿಲ್ಲ. ಪುಸ್ತಕ ಮತ್ತು ಓದುಗನ ನಡುವೆ ದಾರಿ ಬಲ್ಲವರು ಒಬ್ಬರು ಬೇಕು. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಗ್ರಂಥಪಾಲಕರಿಲ್ಲ. ಹಾಗಾದರೆ ದಾರಿ ತೋರಿಸುವವರು ಯಾರು? ನೀವೇ. ನಿಮ್ಮ ಹೊರತು ಬೇರೆ ಯಾರೂ ಇಲ್ಲ.

ಯಾರ ಮಕ್ಕಳ ಪ್ರಶ್ನೆ ಇದು?

ಮನೆಯಲ್ಲಿ ಪುಸ್ತಕದ ಕಪಾಟು ಇರುವ ಮಗುವಿಗೆ ಶಿಕ್ಷಕರು ಹೇಳಿದ್ದು ತಪ್ಪಾದರೆ ತಿದ್ದಲು ತಂದೆ ಇದ್ದಾರೆ, ತಾಯಿ ಇದ್ದಾರೆ, ಮತ್ತೊಂದು ಪುಸ್ತಕ ಇದೆ. ನಮ್ಮ ಶಾಲೆಗಳಿಗೆ ಬರುವ ಅನೇಕ ಮಕ್ಕಳು ತಮ್ಮ ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ತಂದೆ ಮೀನಿನ ಬಂದರಿನಲ್ಲೋ, ಸಣ್ಣ ಅಂಗಡಿಯಲ್ಲೋ, ಕೊಲ್ಲಿ ರಾಷ್ಟ್ರದಲ್ಲೋ ದುಡಿಯುತ್ತಾರೆ. ತಾಯಿ ಮನೆಯಲ್ಲಿ ಬೀಡಿ ಸುತ್ತುತ್ತಾರೆ. ಪಬ್ಲಿಕ್ ಲೈಬ್ರರಿಗೆ ಒಬ್ಬಳೇ ಹೋಗಿಬರಲು ಹೆಣ್ಣುಮಗಳಿಗೆ ಎಲ್ಲ ಮನೆಗಳಲ್ಲೂ ಅನುಮತಿ ಸಿಗುವುದಿಲ್ಲ. ಅಂತಹ ಮಗುವಿಗೆ ಶಿಕ್ಷಕರ ಮಾತೇ ಕೊನೆಯ ಮಾತು. ನೀವು ತರಗತಿಯಲ್ಲಿ ಹೇಳಿದ್ದು ನಲವತ್ತು ಮನೆಗಳಿಗೆ ಹೋಗುತ್ತದೆ, ನಲವತ್ತು ವರ್ಷ ಉಳಿಯುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂದು ಘೋಷಿಸಿದೆ ಎಂಬ ಸುದ್ದಿ ನಿಮ್ಮೆಲ್ಲರ ಮೊಬೈಲಿಗೂ ಬಂದಿರಬಹುದು. ಮೊದಲು ಇ-ಮೇಲ್‌ನಲ್ಲಿ ಬರುತ್ತಿತ್ತು, ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಬಂತು. ಸ್ವಾತಂತ್ರ್ಯ ದಿನದ ಭಾಷಣಗಳಲ್ಲಿ ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಯುನೆಸ್ಕೋ ಅಂತಹ ಘೋಷಣೆಯನ್ನು ಮಾಡಿಯೇ ಇಲ್ಲ, ಹಾಗೆಂದು ಅದೇ ಸಂಸ್ಥೆ ಸ್ಪಷ್ಟಪಡಿಸಿದೆ. ನಮ್ಮ ರಾಷ್ಟ್ರಗೀತೆಯ ಹಿರಿಮೆಗೆ ಈ ಸುಳ್ಳು ಸರ್ಟಿಫಿಕೇಟಿನ ಅಗತ್ಯವೂ ಇಲ್ಲ. ಆದರೆ ವೇದಿಕೆಯ ಮೇಲಿಂದ ಹೇಳಿದ್ದನ್ನು ಮಗು ನಂಬುತ್ತದೆ, ಪ್ರಬಂಧದಲ್ಲಿ ಬರೆಯುತ್ತದೆ, ಮುಂದೆ ಯಾವುದೋ ಸಂದರ್ಶನದಲ್ಲಿ ಹೇಳಿ ನಗೆಪಾಟಲಿಗೀಡಾಗುತ್ತದೆ. ಇದು ಸೌಮ್ಯವಾದ ಉದಾಹರಣೆ. ನೆರೆಹೊರೆಯವರ ನಡುವೆ ಮನಸ್ಸು ಒಡೆಯುವ ಸುಳ್ಳುಗಳೂ ಇದೇ ದಾರಿಯಲ್ಲಿ ಬರುತ್ತವೆ. "ಇದು ಎಲ್ಲಿಂದ ಬಂತು?" ಎಂದು ಕೇಳುವ ಅಭ್ಯಾಸ ಶಾಲೆಯಲ್ಲಿ ಬರದಿದ್ದರೆ ಇನ್ನೆಲ್ಲೂ ಬರುವುದಿಲ್ಲ.

ಹುಡುಕುವುದು ಬೇರೆ, ಗ್ರಂಥಾಲಯ ಬೇರೆ

ತರಬೇತಿಗಳಲ್ಲಿ ನಾನು ಮೊದಲು ಮಾಡಿಸುವ ಕೆಲಸ ಇದು. ಒಂದು ವಿಷಯ ಕೊಟ್ಟು, ಮಾಹಿತಿ ಹುಡುಕಿ ಎನ್ನುತ್ತೇನೆ. ಹತ್ತರಲ್ಲಿ ಎಂಟು ಮಂದಿ ಒಂದೇ ಪದವನ್ನು ಗೂಗಲ್‌ಗೆ ಹಾಕಿ, ಮೊದಲು ಬಂದದ್ದನ್ನು ತೆರೆದು, ಅಲ್ಲಿದ್ದುದನ್ನು ನೋಟ್ಸ್‌ಗೆ ಇಳಿಸುತ್ತಾರೆ. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. "ಬರೆದವರು ಯಾರು?" ಎಂದರೆ ಉತ್ತರ "ಗೂಗಲ್".

ಗೂಗಲ್ ಮೂಲತಃ ದಾರಿ ತೋರಿಸುವ ಸಾಧನ. ಸಂತೆಯಲ್ಲಿ "ಅಕ್ಕಿ ಎಲ್ಲಿ?" ಎಂದು ಕೇಳಿದರೆ ಎದುರಿಗಿದ್ದವನು ಕೈ ತೋರಿಸುತ್ತಾನೆ. ಅಕ್ಕಿಯಲ್ಲಿ ಕಲ್ಲಿದೆಯೇ ಎಂದು ನೋಡಬೇಕಾದವರು ನಾವು. ಗ್ರಂಥಾಲಯದಲ್ಲಿ ಮೊದಲೇ ಒಂದು ಸಲ ಜರಡಿ ಹಿಡಿದಿರುತ್ತದೆ. ಪುಸ್ತಕವನ್ನು ಬರೆದವರು ಯಾರು, ಪ್ರಕಟಿಸಿದವರು ಯಾರು, ಯಾವ ವರ್ಷ, ಎಷ್ಟನೆಯ ಮುದ್ರಣ ಎಂಬುದೆಲ್ಲ ದಾಖಲಾಗಿರುತ್ತದೆ. ಅಂತರ್ಜಾಲ ಗ್ರಂಥಾಲಯದಲ್ಲೂ ಹಾಗೆಯೇ. ಈ ದಾಖಲೆಯನ್ನು ಓದಲು ಕಲಿತರೆ ಅರ್ಧ ವಿದ್ಯೆ ಬಂದಂತೆ.

ರಾಣಿ ಅಬ್ಬಕ್ಕ: ಒಂದು ಪ್ರಶ್ನೆಯ ಬೆನ್ನು ಹತ್ತಿ

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಪ್ರಶ್ನೆಯನ್ನು ಹಿಡಿದು ನೋಡೋಣ. ನಮ್ಮ ಜಿಲ್ಲೆಯ ಮಕ್ಕಳು ಪ್ರಾಜೆಕ್ಟ್‌ಗೆ ಮೇಲಿಂದ ಮೇಲೆ ಆರಿಸಿಕೊಳ್ಳುವ ವಿಷಯ ಉಳ್ಳಾಲದ ರಾಣಿ ಅಬ್ಬಕ್ಕ. ಪೋರ್ಚುಗೀಸರನ್ನು ಎದುರಿಸಿದ ವೀರ ರಾಣಿ. ಕರಾವಳಿ ಕಾವಲು ಪಡೆ 2012ರಲ್ಲಿ ತನ್ನ ಹಡಗೊಂದಕ್ಕೆ ಆಕೆಯ ಹೆಸರಿಟ್ಟಿದೆ.

ಆಕೆ ಯಾವಾಗ ಆಳಿದಳು ಎಂದು ಹುಡುಕಿ. ಒಂದು ಕಡೆ ಹದಿನಾರನೆಯ ಶತಮಾನದ ನಡುಭಾಗ ಎಂದಿರುತ್ತದೆ. ಇನ್ನೊಂದು ಕಡೆ ಹದಿನೇಳನೆಯ ಶತಮಾನಕ್ಕೂ ಬರುತ್ತದೆ. ಮಗು ಗೊಂದಲಗೊಂಡು ನಿಮ್ಮ ಬಳಿ ಬರುತ್ತದೆ. "ಯಾವುದಾದರೂ ಒಂದು ಬರಿ, ಮಾರ್ಕ್ಸ್ ಹೋಗುವುದಿಲ್ಲ" ಎಂದು ಹೇಳಿ ಕಳುಹಿಸಬಹುದು. ಅಥವಾ ಒಂದು ಮೆಟ್ಟಿಲು ಹತ್ತಬಹುದು.

ವಿಕಿಪೀಡಿಯದ ಲೇಖನ ತೆರೆಯಿರಿ. ಅದನ್ನು ನಂಬಬೇಡಿ ಎಂದು ನಾನು ಹೇಳುವುದಿಲ್ಲ, ಅಲ್ಲೇ ನಿಲ್ಲಬೇಡಿ ಎನ್ನುತ್ತೇನೆ. ಲೇಖನದ ಕೊನೆಗೆ ಹೋಗಿ, ಅಡಿಟಿಪ್ಪಣಿಗಳನ್ನು ನೋಡಿ. ಪತ್ರಿಕೆಯ ವರದಿಗಳಿರುತ್ತವೆ, ಪುಸ್ತಕಗಳಿರುತ್ತವೆ. ಅಬ್ಬಕ್ಕನ ಬಗ್ಗೆ ಓದುತ್ತಾ ಹೋದಂತೆ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯ ಹೆಸರು ಎದುರಾಗುತ್ತದೆ. ಈತ 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದು, ಅಲ್ಲಿಂದ ಮಂಗಳೂರಿಗೆ ಬಂದು, ಉಳ್ಳಾಲದ ರಾಣಿಯನ್ನು ಮುಖತಃ ಕಂಡವನು. ಅವನ ಪ್ರವಾಸಕಥನದ ಇಂಗ್ಲಿಷ್ ಅನುವಾದವನ್ನು ಲಂಡನ್ನಿನ ಹಕ್ಲುಯ್ಟ್ ಸೊಸೈಟಿ 1892ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿತು. ಈ ಪುಸ್ತಕಕ್ಕಾಗಿ ಒಂದು ಕಾಲದಲ್ಲಿ ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ಅಲೆಯಬೇಕಾಗಿತ್ತು. ಇಂದು ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಾಲಯದಲ್ಲಿ ಅದರ ಪ್ರತಿ ಪುಟವೂ ಉಚಿತವಾಗಿದೆ. ಹಳ್ಳಿಯ ಶಾಲೆಯ ಒಬ್ಬ ಶಿಕ್ಷಕಿ ತನ್ನ ಫೋನಿನಲ್ಲಿ ಅದನ್ನು ಓದಬಹುದು.

ಹೆಸರು ಹುಡುಕುವಾಗ ಒಂದು ಗುಟ್ಟು ಗೊತ್ತಿರಬೇಕು. ಆ ಪುಸ್ತಕದಲ್ಲಿ ಉಳ್ಳಾಲ ಎಂದು ಹುಡುಕಿದರೆ ಸಿಗುವುದಿಲ್ಲ. ಆ ಕಾಲದ ಯುರೋಪಿಯನ್ನರು ಅದನ್ನು 'ಓಲಾಲ' ಎಂದು ಬರೆಯುತ್ತಿದ್ದರು. ಹಳೆಯ ಕಾಗುಣಿತವನ್ನು ಊಹಿಸಿ ಹುಡುಕುವುದೇ ಒಂದು ಕಲೆ. ಸಿಕ್ಕಾಗ ಏನು ಕಾಣುತ್ತದೆ? ಬರಿಗಾಲಿನಲ್ಲಿ, ಸಾದಾ ಬಟ್ಟೆಯಲ್ಲಿ, ತಲೆಯ ಮೇಲೆ ತಾಳೆಗರಿಯ ಕೊಡೆಯ ನೆರಳಿನಲ್ಲಿ ಕಾಮಗಾರಿ ನೋಡಲು ನಡೆದು ಹೊರಟಿದ್ದ ಒಬ್ಬ ರಾಣಿ. ನೋಡಲು ರಾಣಿಯಂತಿರಲಿಲ್ಲ, ಮಾತು ಕೇಳಿದಾಗ ರಾಣಿಯೆಂದು ತಿಳಿಯಿತು ಎಂಬ ಅರ್ಥದಲ್ಲಿ ಅವನು ಬರೆಯುತ್ತಾನೆ. ವಯಸ್ಸು ಸುಮಾರು ನಲವತ್ತಿರಬಹುದು ಎನ್ನುತ್ತಾನೆ.

ಈಗ ಮಗುವಿನ ಕೈಗೆ ಲೆಕ್ಕ ಕೊಡಿ. 1623ರಲ್ಲಿ ನಲವತ್ತು ವರ್ಷದ ರಾಣಿ 1550ರ ದಶಕದಲ್ಲಿ ಯುದ್ಧ ಮಾಡಿರಲು ಸಾಧ್ಯವೇ? ಸಾಧ್ಯವಿಲ್ಲ. ಹಾಗಾದರೆ ಒಂದೋ ವರ್ಷ ತಪ್ಪು, ಇಲ್ಲವೇ ಪ್ರವಾಸಿಯ ಅಂದಾಜು ತಪ್ಪು, ಅಥವಾ ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರು. ಈ ಮೂರನೆಯ ಮಾತನ್ನು ಹೇಳುವ ಇತಿಹಾಸಕಾರರೂ ಇದ್ದಾರೆ. ಇದರಿಂದ ಅಬ್ಬಕ್ಕನ ಗೌರವ ಕಡಿಮೆಯಾಗಲಿಲ್ಲ. ಬದಲಿಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಇತಿಹಾಸ ಎಂದರೆ ಹೇಗೆ ಕಟ್ಟುತ್ತಾರೆ ಎಂಬುದನ್ನು ಕಣ್ಣಾರೆ ಕಂಡಳು. ಇದನ್ನು ಯಾವ ಗೈಡ್ ಪುಸ್ತಕವೂ ಕಲಿಸುವುದಿಲ್ಲ.

ಅದೇ ಪ್ರವಾಸಕಥನದಲ್ಲಿ ಶಿಕ್ಷಕರಾದ ನಿಮಗೆ ಇನ್ನೊಂದು ಉಡುಗೊರೆ ಇದೆ. ಇಕ್ಕೇರಿಯ ದಾರಿಯಲ್ಲಿ ಘಟ್ಟದ ಮೇಲಿನ ಗುಡಿಯೊಂದರ ಜಗಲಿಯಲ್ಲಿ ಹುಡುಗರು ಲೆಕ್ಕ ಕಲಿಯುವುದನ್ನು ಅವನು ಕಂಡ. ನೆಲದ ಮೇಲೆ ನುಣುಪು ಮರಳು ಹರಡಿ, ಬೆರಳಿನಿಂದ ಬರೆಯುತ್ತಾ, ಬರೆದದ್ದನ್ನು ರಾಗವಾಗಿ ಹಾಡುತ್ತಾ ಅವರು ಕಲಿಯುತ್ತಿದ್ದರು. ಮೇಷ್ಟ್ರು ಹತ್ತಿರವಿರಲಿಲ್ಲ. ಮರೆತರೆ ಯಾರು ಹೇಳಿಕೊಡುತ್ತಾರೆ ಎಂದು ಕೇಳಿದರೆ, ಎಲ್ಲರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ ಎಂದರಂತೆ. ನಾಲ್ಕುನೂರು ವರ್ಷಗಳ ಹಿಂದಿನ ಕನ್ನಡ ನಾಡಿನ ತರಗತಿ ಅದು. ಸಹಕಾರ ಕಲಿಕೆ ಎಂದು ಬಿ.ಎಡ್.ನಲ್ಲಿ ನಾವು ಓದಿದ್ದು ನಮ್ಮ ಘಟ್ಟದ ಮೇಲೇ ಇತ್ತು!

ಯಾವ ಬಾಗಿಲು, ಯಾವ ಕೆಲಸಕ್ಕೆ?

ಇಂತಹ ಬಾಗಿಲುಗಳು ಬಹಳ ಇವೆ. ಎಲ್ಲವನ್ನೂ ಹೇಳಿ ತಲೆ ತುಂಬುವುದಿಲ್ಲ. ನಮ್ಮ ಶಾಲೆಗಳಿಗೆ ನಿಜವಾಗಿ ಉಪಯೋಗಕ್ಕೆ ಬರುವ ಕೆಲವನ್ನು ಮಾತ್ರ ಹೇಳುತ್ತೇನೆ.

ಪಠ್ಯಪುಸ್ತಕಕ್ಕೆ ಹತ್ತಿರವಿರುವುದು ದೀಕ್ಷಾ. 2017ರಲ್ಲಿ ಆರಂಭವಾಯಿತು. ಪಠ್ಯಪುಸ್ತಕಗಳ ಅಧ್ಯಾಯಗಳ ಬಳಿ ಇರುವ ಕ್ಯೂಆರ್ ಕೋಡ್‌ಗಳು ಅಲ್ಲಿಗೆ ಕರೆದೊಯ್ಯುತ್ತವೆ. ಆ ಚೌಕಗಳನ್ನು ವರ್ಷಗಟ್ಟಲೆ ನೋಡಿಯೂ ಒಮ್ಮೆಯೂ ಸ್ಕ್ಯಾನ್ ಮಾಡದ ಶಿಕ್ಷಕರು ಎಷ್ಟೋ ಮಂದಿ. ಊಟವಾದ ಮೇಲೆ ಎಲ್ಲರೂ ಕೈಯಾರೆ ಮಾಡಿ ನೋಡೋಣ.

ಸ್ವಲ್ಪ ಮೇಲಿನ ಮಟ್ಟಕ್ಕೆ ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. ಖರಗ್‌ಪುರದ ಐಐಟಿ ಕಟ್ಟಿದ್ದು, 2018ರ ಜೂನ್‌ನಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. ಇದು ಒಂದೇ ಕಪಾಟಲ್ಲ. ಹಲವು ಸಂಸ್ಥೆಗಳ ಕಪಾಟುಗಳನ್ನು ಒಂದೇ ಸೂಚಿಯಲ್ಲಿ ಹುಡುಕಲು ಅನುಕೂಲ ಮಾಡಿಕೊಡುತ್ತದೆ. ಪಿಯುಸಿ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ವಿದ್ಯಾರ್ಥಿಗಳು ಇಲ್ಲಿ ಹೆಸರು ನೋಂದಾಯಿಸಿಕೊಳ್ಳಲೇಬೇಕು. ದುಡ್ಡು ಕೊಡಬೇಕಾಗಿಲ್ಲ.

ಕನ್ನಡ ಶಿಕ್ಷಕರಿಗೆ ನಾಲ್ಕು ಹೆಸರು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಆರಂಭಿಸಿದ ಭಾರತವಾಣಿ, ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ಹುಟ್ಟಿದ ಕಣಜ, ವಚನಗಳನ್ನು ಪದ ಹಿಡಿದು ಹುಡುಕಬಹುದಾದ ವಚನ ಸಂಚಯ, ಮತ್ತು ವಿ. ಕೃಷ್ಣ ಅವರ ಬಹುವರ್ಷಗಳ ಶ್ರಮದ ಫಲವಾದ ಅಲರ್ ಎಂಬ ಕನ್ನಡ-ಇಂಗ್ಲಿಷ್ ನಿಘಂಟು. ಇವುಗಳ ಜೊತೆಗೆ 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟೆಲ್ ನಿಘಂಟೂ ಸ್ಕ್ಯಾನ್ ರೂಪದಲ್ಲಿ ಲಭ್ಯ. ಉರ್ದು ಮಾಧ್ಯಮದ ಶಿಕ್ಷಕರಿಗೆ ರೇಖ್ತಾ ಇದೆ. ಕವಿತೆಯಲ್ಲಿ ಅರ್ಥವಾಗದ ಪದವನ್ನು ಮುಟ್ಟಿದರೆ ಅರ್ಥ ಹೇಳುತ್ತದೆ. ಸಾವಿರಾರು ಹಳೆಯ ಉರ್ದು ಪುಸ್ತಕಗಳನ್ನೂ ಅಲ್ಲೇ ಓದಬಹುದು.

ಚಿಕ್ಕ ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್. ಕನ್ನಡ, ಉರ್ದು, ಇಂಗ್ಲಿಷ್ ಕಥೆಗಳು ಚಿತ್ರ ಸಮೇತ ಇವೆ. ಡೌನ್‌ಲೋಡ್ ಮಾಡಿ ಮುದ್ರಿಸಿ ಹಂಚಲು ಅವರೇ ಅನುಮತಿ ಕೊಟ್ಟಿದ್ದಾರೆ. ವಿಜ್ಞಾನ, ಗಣಿತಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದ ಫೆಟ್. ವಿದ್ಯುತ್ ಮಂಡಲ, ಭಿನ್ನರಾಶಿ, ಲೋಲಕ ಮುಂತಾದವನ್ನು ಪರದೆಯ ಮೇಲೆ ಮಕ್ಕಳೇ ಜೋಡಿಸಿ ನೋಡಬಹುದು. ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಪ್ರಯೋಗಾಲಯವಿಲ್ಲದ ಶಾಲೆಗೆ ಇದು ದೊಡ್ಡ ವರದಾನ. ಆದರೆ ನಿಜವಾದ ಬ್ಯಾಟರಿ, ತಂತಿ, ಬಲ್ಬು ಸಿಗುವಲ್ಲಿ ಮೊದಲು ಅದನ್ನೇ ಮುಟ್ಟಿಸಿ.

ಹಳೆಯ ಕನ್ನಡ ಪುಸ್ತಕಗಳ ವಿಷಯದಲ್ಲಿ ಒಂದು ಎಚ್ಚರ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಎಷ್ಟೋ ಕನ್ನಡ ಪುಸ್ತಕಗಳ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ, ಮನಬಂದ ಕಾಗುಣಿತದಲ್ಲಿ ದಾಖಲಾಗಿವೆ. ಕನ್ನಡದಲ್ಲಿ ಟೈಪ್ ಮಾಡಿ ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು-ಮೂರು ರೀತಿ ಬರೆದು ನೋಡಿ. ಲೇಖಕರ ಹೆಸರಿನಿಂದಲೂ ನೋಡಿ. ಇಲ್ಲವೆಂದು ಕೈಬಿಡುವ ಮೊದಲು ಮೂರು ಸಲವಾದರೂ ಹುಡುಕಬೇಕು.

ಸಿಕ್ಕಿದ್ದೆಲ್ಲ ನಮ್ಮದಲ್ಲ

ಪಿಡಿಎಫ್ ಸಿಕ್ಕಿತೆಂದು ಗ್ರೂಪಿಗೆ ಹಾಕುವುದು ಈಗ ಸಹಜವಾಗಿಬಿಟ್ಟಿದೆ. ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರ ಪದ್ಯ, ಕಥೆಗಳನ್ನು ಧಾರಾಳವಾಗಿ ಮುದ್ರಿಸಿ ಹಂಚಬಹುದು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಕೃತಿಗಳ ಹಕ್ಕು 2023ರ ಕೊನೆಗೆ ಮುಗಿಯಿತು, ಈಗ ಅವು ಎಲ್ಲರ ಆಸ್ತಿ. ನಮ್ಮೆಲ್ಲರ ಪ್ರೀತಿಯ ಸಾರಾ ಅಬೂಬಕ್ಕರ್ ಅವರು 2023ರಲ್ಲಿ ನಮ್ಮನ್ನು ಅಗಲಿದರು. ಅವರ ಪುಸ್ತಕಗಳ ಹಕ್ಕು 2083ರ ಕೊನೆಯವರೆಗೆ ಇರುತ್ತದೆ. ಅದನ್ನು ಕೊಂಡು ಓದಬೇಕು, ಗ್ರಂಥಾಲಯಕ್ಕೆ ತರಿಸಬೇಕು.

ಪಾಠಕ್ಕಾಗಿ ಒಂದು ಭಾಗವನ್ನು ಪ್ರತಿ ಮಾಡಿಕೊಡಲು ಕಾನೂನು ಶಿಕ್ಷಕರಿಗೆ ಅವಕಾಶ ಕೊಟ್ಟಿದೆ. 2016ರಲ್ಲಿ ದೆಹಲಿ ಹೈಕೋರ್ಟ್ ಕೂಡ ಈ ಅವಕಾಶವನ್ನು ಎತ್ತಿಹಿಡಿದಿದೆ. ಆದರೆ ತರಗತಿಗೆ ಒಂದು ಅಧ್ಯಾಯ ಕೊಡುವುದು ಬೇರೆ, ಬದುಕಿರುವ ಲೇಖಕರ ಇಡೀ ಪುಸ್ತಕವನ್ನು ಐನೂರು ಜನರಿಗೆ ಕಳುಹಿಸುವುದು ಬೇರೆ. ಇನ್ನೊಬ್ಬರ ತೋಟದ ತೆಂಗಿನಕಾಯಿಯನ್ನು ಕೇಳದೆ ಕೀಳಬಾರದು ಎಂದು ಮಕ್ಕಳಿಗೆ ಹೇಳುವ ನಾವು ಇದನ್ನೂ ಹೇಳಬೇಕು.

ಯಂತ್ರ ಉತ್ತರಿಸುವ ಕಾಲದಲ್ಲಿ

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇನ್ನೊಂದು ಮಾತು ಕೇಳಿಬರುತ್ತಿದೆ. "ಈಗ ಹುಡುಕುವುದೇ ಬೇಡ, ಕೇಳಿದರೆ ಉತ್ತರವೇ ಬರುತ್ತದೆ." ಹೌದು, ಬರುತ್ತದೆ, ಸೊಗಸಾದ ವಾಕ್ಯಗಳಲ್ಲೇ ಬರುತ್ತದೆ. ಇಲ್ಲದ ಪುಸ್ತಕದ ಹೆಸರನ್ನೂ, ಬರೆಯದ ಲೇಖಕರನ್ನೂ ಅಷ್ಟೇ ಸೊಗಸಾಗಿ ಹೇಳಬಲ್ಲದು. ಅದನ್ನು ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಪ್ರಶ್ನೆಪತ್ರಿಕೆಯ ಕರಡು, ಕಷ್ಟದ ಪಾಠದ ಸರಳ ವಿವರಣೆಗೆ ಅದು ನೆರವಾಗುತ್ತದೆ. ಆದರೆ ಅದು ಹೇಳಿದ ಪುಸ್ತಕ ಇದೆಯೇ ಎಂದು ಗ್ರಂಥಾಲಯದ ಸೂಚಿಯಲ್ಲಿ ನೋಡಿ. ಅದು ಹೇಳಿದ ವರ್ಷವನ್ನು ಇನ್ನೊಂದು ಕಡೆ ತಾಳೆ ನೋಡಿ. ಉತ್ತರ ಸುಲಭವಾದಷ್ಟೂ ಪರೀಕ್ಷಿಸುವ ಕೆಲಸ ಹೆಚ್ಚು. ಕಾರ್ಯದರ್ಶಿಗಳ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರವಿದೆ.

ಕಷ್ಟಗಳೂ ಇವೆ

ಇಷ್ಟನ್ನೆಲ್ಲ ಕೇಳಿ ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿ ನಗುತ್ತಿರಬಹುದು. ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕಾದ ಊರುಗಳಿವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮರುದಿನವೇ ಬರುವುದು. 2020ರಲ್ಲಿ ಶಾಲೆ ಮುಚ್ಚಿದಾಗ ಒಂದೇ ಮೊಬೈಲಿಗೆ ಮೂವರು ಮಕ್ಕಳು ಕಾದದ್ದನ್ನು ನಾವು ಮರೆತಿಲ್ಲ. ಶಿಕ್ಷಕಿಯರಿಗೆ ಮನೆಗೆ ಹೋದ ಮೇಲೆ ಅಡುಗೆ, ಮಕ್ಕಳು, ಹಿರಿಯರ ಆರೈಕೆ. "ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಿ" ಎಂದು ಹೇಳುವುದು ಸುಲಭ. ಸಮಯ ಎಲ್ಲಿಂದ ತರುವುದು?

ಆದ್ದರಿಂದ ನನ್ನ ಸಲಹೆಗಳು ಶಾಲೆಯ ಸಮಯದೊಳಗೇ ಆಗುವಂಥವು. ಶನಿವಾರದ ಒಂದು ಅವಧಿಯನ್ನು ಶಿಕ್ಷಕರ ಗ್ರಂಥಾಲಯ ಅವಧಿ ಎಂದು ವೇಳಾಪಟ್ಟಿಯಲ್ಲೇ ಬರೆಯಿರಿ. ಆ ಹೊತ್ತಿನಲ್ಲಿ ಬೇರೆ ಕೆಲಸ ಹಚ್ಚಬೇಡಿ. ನೆಟ್‌ವರ್ಕ್ ಇರುವಲ್ಲಿ ಒಬ್ಬರು ಇಳಿಸಿಕೊಂಡದ್ದನ್ನು ಪೆನ್‌ಡ್ರೈವ್‌ನಲ್ಲಿ ಎಲ್ಲ ಶಾಲೆಗಳಿಗೂ ತಲುಪಿಸಿ. ಸ್ಟೋರಿವೀವರ್ ಕಥೆಗಳು, ಫೆಟ್ ಪ್ರಯೋಗಗಳು ನೆಟ್ ಇಲ್ಲದೆಯೂ ನಡೆಯುತ್ತವೆ. ಸ್ಟಾಫ್ ರೂಮಿನಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ. ಯಾವ ಪಾಠಕ್ಕೆ, ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಬರೆದವರು ಯಾರು, ತರಗತಿಯಲ್ಲಿ ಹೇಗಾಯಿತು ಎಂದು ನಾಲ್ಕು ಸಾಲು ಬರೆಯಿರಿ. ಮುಂದಿನ ವರ್ಷ ಬರುವ ಹೊಸ ಶಿಕ್ಷಕಿ ಮೊದಲಿಂದ ಹುಡುಕಬೇಕಾಗಿಲ್ಲ. ರಂಗನಾಥನ್ ಹೇಳಿದ 'ಓದುಗನ ಸಮಯ ಉಳಿಸುವುದು' ಎಂದರೆ ಇದೇ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನೂ ಮರೆಯಬೇಡಿ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಈಗ ಅವನ್ನು ಅರಿವು ಕೇಂದ್ರ ಎಂದೂ ಕರೆಯುತ್ತಾರೆ. ಹಲವು ಕಡೆ ಕಂಪ್ಯೂಟರ್ ಕೂಡ ಇದೆ. ಒಬ್ಬಳೇ ಹೋಗಲು ಮನೆಯಲ್ಲಿ ಬಿಡದಿದ್ದರೆ ಟೀಚರ್ ಜೊತೆಯಲ್ಲಿ ಇಪ್ಪತ್ತು ಹುಡುಗಿಯರು ಹೋಗಲಿ. ತಾಯಂದಿರ ಸಭೆಯಲ್ಲಿ ಮೊದಲೇ ಮಾತನಾಡಿ. ಟೀಚರ್ ಜೊತೆ ಎಂದರೆ ಬೇಡ ಎನ್ನುವ ತಾಯಿ ಕಡಿಮೆ.

ಹಿರಿಯ ಶಿಕ್ಷಕರಿಗೆ ಒಂದು ಮಾತು. "ನಮಗೆ ಈ ವಯಸ್ಸಿನಲ್ಲಿ ಕಂಪ್ಯೂಟರ್ ಬರುವುದಿಲ್ಲ" ಎಂದು ಹಿಂದೆ ಸರಿಯಬೇಡಿ. ಒತ್ತುವುದು, ತೆರೆಯುವುದು ಹುಡುಗರಿಗೆ ಬೇಗ ಬರುತ್ತದೆ. ಆದರೆ ಏನನ್ನು ಕೇಳಬೇಕು, ಬಂದ ಉತ್ತರ ಸರಿಯೇ ಎಂಬುದು ಇಪ್ಪತ್ತೈದು ವರ್ಷ ಪಾಠ ಮಾಡಿದವರಿಗೆ ಚೆನ್ನಾಗಿ ತಿಳಿಯುತ್ತದೆ. ನನ್ನ ತರಬೇತಿಗಳಲ್ಲಿ ಅತ್ಯುತ್ತಮ ಪ್ರಶ್ನೆಗಳು ಬಂದಿರುವುದು ಮೌಸ್ ಹಿಡಿಯಲು ಹಿಂಜರಿದ ಹಿರಿಯರಿಂದಲೇ. ಒಬ್ಬ ಹಿರಿಯರು, ಒಬ್ಬ ಕಿರಿಯರು ಜೋಡಿಯಾಗಿ ಕುಳಿತರೆ ಇಬ್ಬರಿಗೂ ಲಾಭ. ಘಟ್ಟದ ಮೇಲಿನ ಆ ಹುಡುಗರು ಮಾಡಿದ್ದೂ ಇದನ್ನೇ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. "ಸರ್, ಇದು ಯಾವ ಪುಸ್ತಕದಲ್ಲಿದೆ?" ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ. ಅದು ಕಲಿಯುವವನ ಹಕ್ಕು. ಶಿಕ್ಷಕರೇ, ಹಾಗೆ ಕೇಳಿದ ಮಗುವನ್ನು ಗದರಬೇಡಿ. "ಗೊತ್ತಿಲ್ಲ, ನಾಳೆ ಇಬ್ಬರೂ ಸೇರಿ ನೋಡೋಣ" ಎನ್ನಿ. ಈ ಒಂದು ವಾಕ್ಯದಿಂದ ನಿಮ್ಮ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆಡಳಿತ ಮಂಡಳಿಗೆ ನನ್ನ ಉತ್ತರ ಇಷ್ಟು. ಪುಸ್ತಕಗಳು ಉಚಿತವಾಗಿ ಮನೆಬಾಗಿಲಿಗೆ ಬಂದಿವೆ, ನಿಜ. ಹಾಗಾಗಿ ಪುಸ್ತಕ ಕೊಳ್ಳುವ ಹಣದಲ್ಲಿ ಸ್ವಲ್ಪ ಉಳಿಯಬಹುದು. ಆ ಉಳಿದ ಹಣವನ್ನು ಕೈತೋರಿಸಿ ಕಲಿಸುವ ಮನುಷ್ಯರಿಗೆ ಖರ್ಚು ಮಾಡಿ. ಪ್ರತಿ ಶಾಲೆಗೂ ಗ್ರಂಥಪಾಲಕರನ್ನು ನೇಮಿಸಲು ಆಗದಿದ್ದರೆ ಎಲ್ಲ ಶಾಲೆಗಳಿಗೂ ಸೇರಿ ಒಬ್ಬರನ್ನಾದರೂ ನೇಮಿಸಿ, ವಾರಕ್ಕೊಂದು ಶಾಲೆಗೆ ಹೋಗಿಬರಲಿ. ಮತ್ತು ಬೀಗ ಹಾಕಿದ ಕಪಾಟುಗಳನ್ನು ತೆರೆಯಿರಿ. ಪುಸ್ತಕ ಕಳೆದುಹೋದರೆ ಎಂಬ ಭಯ ಬೇಡ. ಓದಿ ಹರಿದ ಪುಸ್ತಕ ತನ್ನ ಕೆಲಸ ಮುಗಿಸಿದೆ. ಓದದೆ ಗೆದ್ದಲು ಹಿಡಿದ ಪುಸ್ತಕಕ್ಕೆ ಲೆಕ್ಕ ಕೊಡಬೇಕಾದವರು ನಾವು.

ಚಹಾ ವಿರಾಮದ ನಂತರ ಪ್ರತಿ ಮೇಜಿಗೂ ಒಂದೊಂದು ಪ್ರಶ್ನೆಯ ಚೀಟಿ ಬರುತ್ತದೆ. ನಿಮ್ಮ ನಿಮ್ಮ ವಿಷಯಕ್ಕೆ ಸಂಬಂಧಿಸಿದ ಪ್ರಶ್ನೆ. ಉತ್ತರದ ಜೊತೆ ಎರಡು ಆಕರಗಳು ಬೇಕು, ಬರೆದವರ ಹೆಸರು ಮತ್ತು ವರ್ಷ ಸಮೇತ. ಯಾರು ಬೇಗ ಮುಗಿಸಿದರು ಎಂದು ನಾನು ನೋಡುವುದಿಲ್ಲ. ಸಿಕ್ಕ ಉತ್ತರವನ್ನು ಯಾರು ಒಮ್ಮೆಯಾದರೂ ಸಂಶಯದಿಂದ ನೋಡಿದರು ಎಂಬುದನ್ನು ನೋಡುತ್ತೇನೆ.